ಕೆಳಗಿನ ಅಂಕಿ

ನರ್ಸಿಂಗ್ ಕ್ಲಾಸಿನ ಮರಾಠಿಯೊಳಗೆ ಅದು ರಕ್ತದಾಬ,
ನಾನು ಕಲಿತ ಕನ್ನಡ ಶಾಲೆಯ ಗೋಡೆಯ ಮೇಲೆ ರಕ್ತದೊತ್ತಡ,
ಸೋಲಾಪುರದ ನಮ್ಮ ಓಣಿಯಲ್ಲಿ ಬರೀ ಬಿಪಿ.
ಅವ್ವನಿಗೆ ಇದ್ಯಾವುದೂ ಅಲ್ಲ:
"ನಿಮ್ಮಪ್ಪಗ ಸಿಟ್ಟು ನೆತ್ತಿಗೇರ್ತದ, ಅಷ್ಟ."

ರವಿವಾರ ಮುಂಜಾನೆ
ರೊಟ್ಟಿ ಬಡಿಯುವ ಸಪ್ಪಳ ನಿಂತ ಮೇಲೆ
ಅಪ್ಪನ ಎಡಗೈ ನನ್ನ ಪಾಠ.
ಪಟ್ಟಿ ಸುತ್ತುತ್ತೇನೆ, ರಬ್ಬರ್ ಬುಗ್ಗೆ ಹಿಚುಕುತ್ತೇನೆ.
"ಏನ ತುಂಬಾಕತ್ತಿ ಅದರಾಗ?"
"ಗಾಳಿ."
"ಗಾಳೀನ? ಮೂವತ್ತೊಂದು ವರ್ಷ
ಪುಕ್ಕಟೆ ತುಂಬಿಸಿಕೊಂಡೀನಲ್ಲ ಮಗಳ,
ಇನ್ನೂ ಸಾಲಲಿಲ್ಲೇನು?"

ಸಾತ್ ರಸ್ತಾದ ಸ್ಟ್ಯಾಂಡಿನಲ್ಲಿ ಮೂರನೆಯ ರಿಕ್ಷಾ,
ಹಿಂದೆ 'ಸಾತಲಿಂಗಪ್ಪ' ಅಂತ ಎರಡು ಲಿಪಿಯಲ್ಲಿ ಹೆಸರು.
ಏಳು ದಾರಿಗಳ ಹೊಗೆ
ಎಂಟನೆಯ ದಾರಿ ಹುಡುಕುತ್ತ
ಅವನ ಮೂಗಿಗೆ ಬಂದು ಸೇರುತ್ತದೆ.
ವಿಜಾಪುರದ ಲಾರಿ, ಕಬ್ಬಿನ ಟ್ರ್ಯಾಕ್ಟರು, ಕೆಂಪು ಎಸ್‌ಟಿ ಬಸ್ಸು
ಕೆಮ್ಮಿ ಮುಂದೆ ಹೋಗುತ್ತವೆ.
ಕೆಮ್ಮು ಇಲ್ಲೇ ಉಳಿಯುತ್ತದೆ.
ಸಂಜೆ ಟವೆಲ್ಲಿನ ಮೇಲೆ ಅವನ ಮುಖದ ಕರಿ ಅಚ್ಚು.
ಅವ್ವ ಅದನ್ನು ಒಗೆಯುತ್ತಾಳೆ.
ಒಳಗಿನದನ್ನು ಒಗೆಯುವ ಕಲ್ಲು ಯಾವ ಬಚ್ಚಲಲ್ಲಿದೆ?

ನೂರಾ ಅರವತ್ತೆರಡು. ನೂರಾ ನಾಲ್ಕು.

ಡಾಕ್ಟರು ಕೇಳಿದರು, ತಂಬಾಕು? ಇಲ್ಲ.
ಸೆರೆ? ಇಲ್ಲ.
ಹಾಗಾದರೆ ಉಪ್ಪು.
ಅಂದು ರಾತ್ರಿ ಶೇಂಗಾ ಚಟ್ನಿಯ ಭರಣಿ
ಅಟ್ಟದ ಫಳಿಗೆ ಏರಿತು, ಅಜ್ಜನ ಫೋಟೋದ ಪಕ್ಕ.
ಚಟ್ನಿಯ ಪಾಲು ಇಲ್ಲವೆಂದಲ್ಲ;
ಆದರೆ ಕೈಗೆ ಸಿಕ್ಕ ಕಳ್ಳ ಅದೊಂದೇ.
ಉಪ್ಪು ತಿಂದವ ನೀರು ಕುಡಿಯಬೇಕು ಅಂತಾರೆ.
ಹೊಗೆ ತಿಂದವ ಏನು ಕುಡಿಯಬೇಕು?

ಪುಸ್ತಕದಲ್ಲಿದೆ:
ಕೂದಲೆಳೆಯನ್ನು ಮೂವತ್ತು ಪಾಲು ಮಾಡಿದರೆ
ಒಂದು ಪಾಲಿನಷ್ಟು ಸಣ್ಣ ಧೂಳು
ಶ್ವಾಸಕೋಶದ ಗೋಡೆ ದಾಟಿ ರಕ್ತಕ್ಕಿಳಿಯುತ್ತದೆ,
ನಾಳಗಳು ಬಿಗಿಯುತ್ತವೆ,
ಹೃದಯ ಓವರ್‌ಟೈಮ್ ದುಡಿಯುತ್ತದೆ.
ಐದು ಅಂಕದ ಪ್ರಶ್ನೆ. ನಾಲ್ಕೂವರೆ ಬಂತು.
ಬಿಟ್ಟುಹೋದ ಅರ್ಧದಲ್ಲಿ
ಅಪ್ಪ ಕೂತಿದ್ದನೋ ಏನೋ.

ಶ್ರಾವಣದಲ್ಲಿ ರಿಕ್ಷಾ ಬಂದ್ ಆಯಿತು, ಬಾಡಿಗೆ ದರದ ಜಗಳ.
ಒಂಬತ್ತು ದಿನ ಅವನು
ಓಣಿಯ ತುದಿಯ ಬೇವಿನ ಕೆಳಗೆ ಚೌಕಾಬಾರ ಆಡಿದ.
ಕಾಯಿಪಲ್ಯಕ್ಕೆ ದುಡ್ಡಿಲ್ಲ;
ಅವ್ವ ಮಾತಿಲ್ಲದೆ ಭರಣಿ ಇಳಿಸಿದಳು,
ಎರಡೂ ಹೊತ್ತು ರೊಟ್ಟಿ, ಚಟ್ನಿ.
ರವಿವಾರ ಪಟ್ಟಿ ಸುತ್ತಿದೆ.

ನೂರಾ ಮೂವತ್ತೆಂಟು. ಎಂಬತ್ತೆಂಟು.

ಎರಡು ಸಲ ನೋಡಿದೆ. ಮೂರನೆಯ ಸಲವೂ.
"ಇಳದದ ಅಪ್ಪಾ."
ಅವನು ಹಿಟ್ಟಿನ ಡಬ್ಬಿಯ ಕಡೆ ಕತ್ತು ತಿರುಗಿಸಿದ:
"ಅದೂ ಇಳದದ."

ನಿದ್ದೆಯಿಂದ ಇಳಿಯಿತೋ, ಬೇವಿನ ನೆರಳಿನಿಂದಲೋ.
ಒಂದು ತೋಳಿನಿಂದ ಏನೂ ಸಿದ್ಧವಾಗುವುದಿಲ್ಲ,
ನಮ್ಮ ಮೇಡಮ್ ಇದಕ್ಕೂ ಅಂಕ ಕಳೆಯುತ್ತಾರೆ.
ಆದರೂ ವಹಿಯಲ್ಲಿ ಆ ಎರಡು ಅಂಕಿಗಳ ಸುತ್ತ
ಗೋಲ ಎಳೆದಿದ್ದೇನೆ, ಹಬ್ಬದ ತಾರೀಖಿಗೆ ಎಳೆದ ಹಾಗೆ.

ಬಂದ್ ಮುಗಿಯಿತು. ದರ ಎರಡು ರೂಪಾಯಿ ಏರಿತು.
ಉಳಿದದ್ದೂ ಏರಿತು.

ಮೇಲಿನ ಅಂಕಿ, ಸಪ್ಪಳ ಶುರುವಾಗುವಲ್ಲಿ.
ಕೆಳಗಿನದು, ಸಪ್ಪಳ ನಿಲ್ಲುವಲ್ಲಿ.
ಗಾಳಿಯನ್ನು ಸಾವಕಾಶ ಬಿಡುತ್ತ ಕಿವಿಗೊಟ್ಟು ಕಾಯಬೇಕು.
ಈ ರವಿವಾರ ಕಾಯುತ್ತಿದ್ದೆ:
ಡಬ್, ಡಬ್, ಡಬ್.
ಅಷ್ಟರಲ್ಲಿ ಹೊರಗೆ ಯಾರೋ ರಿಕ್ಷಾ ಚಾಲೂ ಮಾಡಿದರು.
ಕಿಟಕಿಯಿಂದ ನೀಲಿ ಹೊಗೆ ಬಂದು
ನಮ್ಮಿಬ್ಬರ ನಡುವೆ ಕೂತಿತು.
ಯಾವ ಬಡಿತ ಅಪ್ಪನದು, ಯಾವುದು ಇಂಜಿನ್ನಿನದು,
ತಿಳಿಯಲಿಲ್ಲ.
ಪಟ್ಟಿ ಬುಸ್ಸೆಂದು ಖಾಲಿಯಾಯಿತು.

"ಮುಗೀತ? ಗಿರಾಕಿ ಕಾಯ್ತಾರ,"
ಅಂಗಿಯ ತೋಳು ಇಳಿಸುತ್ತ ಎದ್ದ.

ವಹಿಯಲ್ಲಿ ತಾರೀಖು ಬರೆದೆ,
ಮೇಲಿನ ಅಂಕಿ ಬರೆದೆ,
ಗೆರೆ ಎಳೆದೆ.
ಕೆಳಗಿನ ಜಾಗ ಹಾಗೇ ಇದೆ.