ಸೆಗುಂದೊ

ಅಪ್ಪನ ಹೆಸರು ಎಲೆಯುತೇರಿಯೊ ನಾವೆಲ್ಕೀನ್.
ಆ ಕುರಿಸೀಮೆಯಲ್ಲಿ ಯಾರೂ ಹಾಗೆ ಕರೆದದ್ದು ಕೇಳಿಲ್ಲ.
ಸೆಗುಂದೊ ಎಲ್ಲಿ, ಸೆಗುಂದೊನ ಕೇಳು,
ಸೆಗುಂದೊನ ಮಗಳಲ್ಲವೇ ನೀನು.

ದೊಡ್ಡ ಮನೆ ದಿಬ್ಬದ ಮೇಲೆ, ಮೆಗೆಲ್ಲನ್ ಜಲಸಂಧಿಗೆ ಮುಖ ಮಾಡಿ.
ಕೆಳಗೆ ಉಣ್ಣೆ ಕತ್ತರಿಸುವವರ ತಗಡಿನ ಸಾಲು.
ನಮ್ಮದು ನಡುವೆ:
ಮೇಲಿನ ಪಿಯಾನೊ, ಕೆಳಗಿನ ಜಗಳ
ಎರಡೂ ಅರ್ಧರ್ಧ ಕೇಳುವಷ್ಟು ದೂರ.

ಶಾಲೆಯಲ್ಲಿ ಮಿಲೆನಾ ಟೀಚರು ಹೇಳಿದರು:
ಸೆಗುಂದೊ ಅಂದರೆ ಎರಡನೆಯವನು, ಸರಿ.
ಗಡಿಯಾರದ ಒಂದು ಸೆಕೆಂಡೂ ಅದೇ.
ಬೇರಿಗಿಳಿದರೆ, ಲ್ಯಾಟಿನ್ನಿನಲ್ಲಿ, ಹಿಂದೆ ಬರುವವನು;
ಹಡಗಿನ ಬೆನ್ನಿಗೆ ನಿಂತು ದೂಡುವ ಗಾಳಿಗೂ
ಆ ಜನ ಇದೇ ಮಾತು ಹೇಳುತ್ತಿದ್ದರಂತೆ.
ಓಡಿ ಬಂದು ಒಪ್ಪಿಸಿದೆ.
ಅಪ್ಪ ಬೂಟಿನ ಲಾಡಿ ಬಿಚ್ಚುತ್ತಿದ್ದ.
"ಗಾಳಿಯೇ? ಈ ಊರಲ್ಲಿ ಗಾಳಿ
ಯಾವತ್ತು ಬೆನ್ನಿಗೆ ಬೀಸಿದೆ, ಹುಡುಗಿ?"

ಮ್ಯಾನೇಜರ್ ಮೆಕ್ಯಾಸ್ಕಿಲ್ ಹೇಳಿದ್ದನ್ನು ಕೆಳಗೆ ಹೇಳುವಾಗ
ಅಪ್ಪ ಬೈಗುಳ ಸೋಸಿ ಹೇಳುತ್ತಿದ್ದ.
ಕೆಳಗಿನವರ ಮಾತು ಮೇಲೆ ಒಯ್ಯುವಾಗಲೂ ಅಷ್ಟೇ.
ಸೋಸಿ ಉಳಿದ ಗಸಿ ಎಲ್ಲಿ ಹೋಗುತ್ತಿತ್ತೋ,
ಅಮ್ಮನಿಗೆ ಸ್ವಲ್ಪ ಗೊತ್ತಿತ್ತು.

ಆ ಜುಲೈಯಲ್ಲಿ ಮೂರು ಹಗಲು ಹಿಮ.
ಮ್ಯಾನೇಜರು ಪುಂತಾ ಅರೇನಾಸಿನ ಕ್ಲಬ್ಬಿನಲ್ಲಿ,
ಕಡಲ ಕಡೆಯ ಗೇಟಿನ ಬೀಗದ ಕೈ ಅವರ ಜೇಬಿನಲ್ಲಿ.
ಬೇಲಿಗೆ ಒತ್ತಿಕೊಂಡು ಕುರಿಗಳು ಒಂದರ ಮೇಲೊಂದು,
ಅಡಿಯಲ್ಲಿದ್ದವು ಆಗಲೇ ಉಸಿರು ಬಿಟ್ಟಿದ್ದವು.
ಅಪ್ಪ ಕೊಡಲಿ ಹಿಡಿದು ನಿಂತ.
ಜೊತೆಗಿದ್ದ ಓಯಾರ್ಸೂನ್ ಈಗಲೂ ಹೇಳುತ್ತಾನೆ:
"ಒಂದೇ ಸೆಕೆಂಡು. ತಿರುಗಿ ದೊಡ್ಡ ಮನೆಯ ಕಡೆ ನೋಡಿದ.
ಅಲ್ಲಿ ದೀಪವೇ ಇರಲಿಲ್ಲ."
ಆಮೇಲೆ ಬೀಗಕ್ಕೆ ಬಿತ್ತು ಏಟು.

ನಾಲ್ಕು ಸಾವಿರ ಕುರಿ ದಡದ ಕಡಲಕಳೆ ತಿಂದು ಬದುಕಿದವು.
ಲೆಕ್ಕದ ಪುಸ್ತಕ ನಾನು ನೋಡಿದ್ದೇನೆ, ನೀಲಿ ಶಾಯಿ:
"ಮ್ಯಾನೇಜರರ ಆಜ್ಞೆಯಂತೆ ಗೇಟು ತೆರೆಯಲಾಯಿತು."
ಎರಡು ಸಾಲು ಕೆಳಗೆ:
"ಬೀಗ, ಒಂದು. ಸೆಗುಂದೊನ ಸಂಬಳದಲ್ಲಿ ಮುರಿದುಕೊಂಡಿದೆ."

ಕೆಲಸ ಬಿಟ್ಟ ದಿನ ಕಂಪನಿ ಗೋಡೆಗಡಿಯಾರ ಕೊಟ್ಟಿತು.
ಗಂಟೆಯ ಮುಳ್ಳಿದೆ, ನಿಮಿಷದ ಮುಳ್ಳಿದೆ.
ಮೂರನೆಯದು ಇಲ್ಲ.
ಅಮ್ಮ ಅದಕ್ಕೆ ಕೀ ಕೊಡುವುದನ್ನು ಮರೆತಳು, ಬೇಕಂತಲೇ.

ಅಪ್ಪನನ್ನು ದಿಬ್ಬಕ್ಕೆ ಹೊತ್ತೊಯ್ಯುವಾಗ
ಪಡುವಣ ಗಾಳಿ ಎದ್ದು ಹೊತ್ತವರ ಬೆನ್ನಿಗೆ ಬಿತ್ತು.
ಆರು ಜನ ಬೇಡವೆಂದರೂ ಓಡುನಡಿಗೆ.
ಟೋಪಿಗಳು ಮುಂದೆ ಹಾರಿದವು, ಅವುಗಳ ಹಿಂದೆ
ಮುದಿ ಓಯಾರ್ಸೂನ್,
ಒಂದನ್ನೂ ಸೋಸದೆ ಬೈಯುತ್ತ.