ಗಾಳಿಗೆ ಲಗೇಜು

ಮುರುಡೇಶ್ವರದ ದೋಣಿಯಲ್ಲಿ ಪ್ರವಾಸಿಗಳು ಕೇಳುತ್ತಾರೆ,
ಕನ್ನಡಕದ ಗಾಜಿಗೆ ಉಗುಳು ಸವರುತ್ತ:
ಇಷ್ಟೆಲ್ಲ ಮುಳುಗಿದ್ದೀರಲ್ಲ ಮೇಡಂ,
ಮರೆಯಲಾಗದ ಜಾಗ ಯಾವುದು?
ನೇತ್ರಾಣಿ ಅನ್ನಲಿ ಎಂದು ಕಾಯುತ್ತಾರೆ.
ಚಿತ್ರದುರ್ಗ, ಅನ್ನುತ್ತೇನೆ.
ನಗುತ್ತಾರೆ. ಕುಡಿಯುವ ನೀರಿಗೇ ಟ್ಯಾಂಕರು ಕಾಯುವ ಊರು.

ಆ ಸಲ ಎರಡು ಸಿಲಿಂಡರು ಗೋಣಿಯಲ್ಲಿ ಸುತ್ತಿ
ಶಿವಮೊಗ್ಗ ದಾಟಿ ಕೆಂಪು ಬಸ್ಸಿನಲ್ಲಿ ಬಂದೆ.
ಹೊಳಲ್ಕೆರೆಯಲ್ಲಿ ಕಂಡಕ್ಟರು ಕಾಲಿನಿಂದ ತಟ್ಟಿದ.
ಗ್ಯಾಸಾ?
ಅಲ್ಲಣ್ಣ, ಗಾಳಿ.
ಯಾವ ಗಾಳಿ?
ಬರೀ ಗಾಳಿ. ಉಸಿರಾಡೋದು.
ಕಿಟಕಿಯಾಚೆ ನೋಡಿದ. ಅಲ್ಲಿ ಗುಡ್ಡದ ಮೇಲೆ
ಅದು ಪುಕ್ಕಟೆ ಬೀಸುತ್ತಿತ್ತು, ಬಿಳಿ ರೆಕ್ಕೆಗಳನ್ನು ತಿರುಗಿಸುತ್ತ.
ಆಮೇಲೆ ಲಗೇಜು ಹರಿದು ಕೈಗಿಟ್ಟ.

ಹಟ್ಟಿಯ ಹಿಂದಿನ ಕಲ್ಲುಕ್ವಾರಿ ನಿಂತು ಹನ್ನೆರಡು ವರ್ಷ.
ಪಂಪು ಆರಿಸಿದ ರಾತ್ರಿಯೇ ಒರತೆ ಎದ್ದಿತಂತೆ,
ಯಾರೋ ಹೋಗಲೆಂದು ಕಾದು ಕೂತಿದ್ದ ಹಾಗೆ.
ಈಗ ಅರವತ್ತಡಿ.
ಅವ್ವ ದಂಡೆಯಲ್ಲಿ ಕುಕ್ಕರುಗಾಲಲ್ಲಿ ಕೂತು
ನನ್ನ ಹಗ್ಗದ ತುದಿ ತನ್ನ ಸೊಂಟಕ್ಕೆ ಸುತ್ತಿಕೊಂಡಳು.
ಅದನ್ನ ಬಂಡೆಗೆ ಕಟ್ಟಬೇಕು ಕಣವ್ವ.
ಬಂಡೇನ ನಾನು ನಂಬಲ್ಲ, ಅಂದಳು. ಒಡೆದೋಳು ನಾನು.
ಕೆಮ್ಮಿದಳು. ಎದುರು ಗೋಡೆಯೂ ಕೆಮ್ಮಿತು.
ಎಡಕ್ಕೆ, ತಳದಲ್ಲಿ, ಏಳು ತೂತು ಹಾಕಿದ್ದೆ.
ಕೊನೇ ದಿನ. ಸೀಳ್ತೋ ಇಲ್ವೋ ನೋಡ್ಕಂಡು ಬಾ.

ಮೊದಲ ಹತ್ತಡಿ ಹೆಸರುಕಾಳಿನ ಕಟ್ಟಿನ ಬಣ್ಣ.
ಆಮೇಲೆ ಹೊಸಿಲು ದಾಟಿದಂತೆ ಬೇರೆಯೇ ನೀರು, ತಣ್ಣಗೆ, ತಿಳಿಯಾಗಿ.
ಮಣ್ಣು ಕರಗಿದ ಗಣಪತಿ, ಈಗ ಬರೀ ಹುಲ್ಲು ಮತ್ತು ತಂತಿ;
ಇಲಿ ಮಾತ್ರ ಪ್ಲಾಸ್ಟಿಕ್ಕಿನದು, ಲಡ್ಡು ಹಿಡಿದು ಗಟ್ಟಿಯಾಗಿ ಕೂತಿತ್ತು.
ಮಗುಚಿದ ಟಿವಿಎಸ್ಸು, ನಂಬರಿನಲ್ಲಿ ಹದಿನಾರಷ್ಟೇ ಉಳಿದಿತ್ತು.

ಮತ್ತೆ ಆ ಜಾಲಿ.
ಸತ್ತು ನಿಂತಿತ್ತು, ಒಂದು ಮುಳ್ಳನ್ನೂ ಬಿಟ್ಟುಕೊಡದೆ.
ಅದರ ಕೊಂಬೆಗೇ ಸೀರೆ ಕಟ್ಟಿ ನನ್ನನ್ನು ಮಲಗಿಸುತ್ತಿದ್ದುದು,
ಸಿಡಿಮದ್ದಿನ ಸೀಟಿ ಕೇಳಿದರೆ ತೊಟ್ಟಿಲ ಸಮೇತ ಎತ್ತಿ ಓಡುತ್ತಿದ್ದುದು.
ಅದೇ ಎತ್ತರದಲ್ಲಿ ತೇಲಿದೆ, ಯಾರೂ ತೂಗದೆ.
ಮೇಲೆ ನೋಡಿದರೆ ಬಿಸಿಲು ಒಂದು ತಟ್ಟೆಯಷ್ಟು.
ಆ ಬಿಸಿಲು ಇಲ್ಲಿಯತನಕ ಇಳಿದು ಇವಳ ಬೆನ್ನು ಸುಟ್ಟಿತ್ತು
ಅಂದರೆ ಯಾವ ಮೀನು ನಂಬೀತು?

ಬೆರಳಲ್ಲಿ ತಡವಿ ಎಣಿಸಿದೆ. ಐದು, ಆರು.
ಏಳನೆಯದರಿಂದ ಏನೋ ಬೆರಳು ಕಚ್ಚಿತು.

ಸೀಳಿಲ್ಲ ಕಣವ್ವ, ಅಂದೆ ಮೇಲೆ ಬಂದು, ಹಲ್ಲು ಕಡಿಯುತ್ತ.
ತೂತಿಗೊಂದು ಮೀನು ಬಿಡಾರ ಹೂಡೈತೆ.
ಬಾಡಿಗೆ ಕೇಳ್ದ?
ಕೇಳಿದ್ದಕ್ಕೇ ಕಚ್ಚಿದ್ದು.
ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲಿಲ್ಲ,
ನಲವತ್ತು ವರ್ಷದ ಕಲ್ಲುಹಿಟ್ಟು ಎದೆಯಲ್ಲಿ ಜರಡಿಯಾಡಿತು.

ಸಿಲಿಂಡರಿನಲ್ಲಿ ಇನ್ನೂ ಸ್ವಲ್ಪ ಉಳಿದಿತ್ತು.
ಬಾಯಿಗಿಟ್ಟೆ. ಕಚ್ಚು, ಎಳಿ, ಬಿಡು.
ಎಳೆದಳು. ಕಣ್ಣು ಅರಳಿಸಿ ಇನ್ನೊಮ್ಮೆ ಎಳೆದಳು.
ಆಮೇಲೆ ತೆಗೆದು, ಸೆರಗಿನಿಂದ ಅದರ ಬಾಯಿ ಒರೆಸಿ,
ಯಾವೂರಿಂದೇ ಇದು?
ಮುರುಡೇಶ್ವರದ್ದು.
ಹಗ್ಗ ಇನ್ನೂ ಸೊಂಟದಲ್ಲೇ ಇತ್ತು.
ಧೂಳೇ ಇಲ್ವಲ್ಲೇ, ಅಂದಳು.