ಬಾಗಿಲಿಗೆ ತೂತು ಬ್ಯಾಡ

ನವನಗರದಾಗ ಮನಿ ಹಿಡಿದ ದಿನ
ನೀಲಗಂಗವ್ವ ಹಾಕಿದ್ದು ಒಂದೇ ಕರಾರು:
ಬಾಡಿಗಿ ಐದಕ್ಕ ಆಗದಿದ್ರ ಹತ್ತಕ್ಕ ಕೊಡು,
ಏನರ ಕುದಿಸ್ಕೊ, ಯಾರರ ಬರಲಿ,
ಬಾಗಿಲಿಗೆ ಮಾತ್ರ ತೂತು ಕೊರೀಬ್ಯಾಡ.

ನಾನು ರಾತ್ರಿ ಪಾಳಿಯ ಲ್ಯಾಬಿನಾಕಿ.
ಮಂದಿ ರಕ್ತಕ್ಕ ನಂಬರ ಹಚ್ಚತೀನಿ, ಒಂದೂ ತಪ್ಪಂಗಿಲ್ಲ.
ನನ್ನ ಕೀಲಿಕೈ ವರ್ಷಕ್ಕ ಮೂರು ಸಲ ಕಳೀತೈತಿ:
ಒಮ್ಮೆ ಗದ್ದನಕೇರಿ ಬಸ್ಸಿನಾಗ, ಒಮ್ಮೆ ಹಿಟ್ಟಿನ ಗಿರಣ್ಯಾಗ,
ಒಮ್ಮೆ ಎಲ್ಲೂ ಅಲ್ಲ, ಏಪ್ರನ್ನಿನ ಕಿಸೆದಾಗ,
ಮೂರು ಸಲ ಒಗದ ಮ್ಯಾಲೆ ಸಿಕ್ತು.
ತಸ್ಲೀಮಾ ಕೀಲಿ ಹಾಕಿ ಕಾಲೇಜಿಗೆ ಹೋದ ಮ್ಯಾಲೆ
ಕಟ್ಟಿ ಮ್ಯಾಲ ಕುಂತು ಎಷ್ಟು ಮುಂಜಾನೆ ತೂಕಡಿಸೀನೋ.

ಮಷೀನು ತಿರುಗೂತನಕ ಫೋನಿನಾಗ ಕೀಲಿ ನೋಡತಿದ್ದೆ.
ಒಂದಕ್ಕ ಒಳಗ ತಿರುಗಿಸೂ ಗುಬ್ಬಿ ಬೇಕು;
ನಮ್ಮ ಬಾಗಿಲಿಗೆ ಗುಬ್ಬಿಲ್ಲ, ಅಗಳಿ ಐತಿ, ನನ್ನ ತೋಳಿನಷ್ಟು ದಪ್ಪ.
ಒಂದು ಅಂಟಿನ ಪಟ್ಟಿ ಮ್ಯಾಲ ನಿಂದರತೈತಂತ;
ಇಲ್ಲಿ ಮೇ ತಿಂಗಳದಾಗ ಗ್ವಾಡಿ ಗಡಿಯಾರನ ಉದುರಿ ಬೀಳತಾವು.
ಇನ್ನೊಂದಕ್ಕ ವೈಫೈ ಬೇಕು,
ಅದು ಕಟ್ಟಿ ತನಕ ಬಂದು ದಣಿದು ಕುಂದರತೈತಿ.
ಎಲ್ಲಾದರ ಕೆಳಗೂ ಪುಸ್ತಕದ ಕನ್ನಡದಾಗ ಒಂದೇ ಮಾತು:
ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಿ.
ಗುರುತು ಉಳಿಯುವುದಿಲ್ಲ.

ಓದಿ ಹೇಳಿದೆ.
ಜ್ವಾಳ ಹಸನ ಮಾಡೋ ಮರ ನಿಂತಿತು.

“ಈ ಬಾಗಿಲಾನೂ ಬಿಚ್ಚಿ ತಂದದ್ದ, ಯವ್ವಾ.
ಹಳೇ ಊರಾಗ ನೀರು ಓಣಿ ಹೊಕ್ಕಾಗ
ಮಂದಿ ಕಪಾಟು ಹೊತ್ರು, ತಿಜೋರಿ ಹೊತ್ರು.
ನಮ್ಮ ಮಾವ ಬಾಗಿಲಾ ಹೊತ್ತ, ಚೌಕಟ್ಟು ಸಮೇತ.
ನಾಕು ಹೆಗಲು ಕಂಡು ಯಾರೋ ಕೇಳಿದ್ರು,
ಯಾರು ತೀರಿಕೊಂಡ್ರೋ?
ತೀರಿಲ್ಲೋ, ಸೊಸಿನ್ನ ಮನಿ ತುಂಬಿಸಾಕ ಹೊಂಟೇವಿ ಅಂದ.
ಬಾಗಿಲದ ಅಳತಿಗೆ ಈ ಮನಿ ಕಟ್ಟಿದ್ದು,
ಮನಿ ಅಳತಿಗೆ ಬಾಗಿಲಾ ಅಲ್ಲ.
ಗುರುತು ಉಳಿಯಂಗಿಲ್ಲಂತ ಬರದಾರ?
ಬ್ಯಾಸಗಿಗೆ ಹಿನ್ನೀರು ಇಳೀಲಿ, ಕರಕೊಂಡು ಹೋಗ್ತೀನಿ.
ನಮ್ಮ ಗ್ವಾಡಿ ಇನ್ನೂ ಬಾಯಿ ತಕ್ಕೊಂಡು ನಿಂತೈತಿ,
ಕೇಳಿದ್ದು ಮರತಂಗ.”

ಕಡೀಕೆ ತರಿಸಿದ್ದು ಬೆರಳಿಗೆ ತೆರೆಯೋ ಒಂದು ಜೋತು ಕೀಲಿ.
ಇದ್ದ ಕೊಂಡಿಗೇ ಸಿಗಿಸಿದ್ರ ಮುಗೀತು,
ಮೊಳಿ ಇಲ್ಲ, ತೂತು ಇಲ್ಲ.
ನೂರು ವರ್ಷದ ಕಬ್ಬಿಣದ ಕೊಂಡಿ
ಹೊಸಬನ್ನ ಒಂದು ಸಲ ಕಿರ್ ಅಂತ ಬೈದು ಸುಮ್ಮನಾತು.

ನನ್ನ ಬೆರಳು ಹಿಡೀತು. ತಸ್ಲೀಮಾಳದೂ ಹಿಡೀತು.
ನೀವೂ ಒಂದು ಕೊಡ್ರಿ ಅಂದೆ.
ಹೆಬ್ಬೆರಳಿಟ್ಟಳು, ಕೆಂಪು ದೀಪ.
ತೋರು ಬೆರಳು, ಕೆಂಪು.
ರೇಶನ್ ಅಂಗಡ್ಯಾಗೂ ಹಿಂಗ ನೋಡು,
ರೊಟ್ಟಿ ತಟ್ಟಿ ತಟ್ಟಿ ನಾ ಸವದು ಹೋಗೀನಿ ಅಂತ ನಕ್ಕಳು.
ಒಂಬತ್ತು ಬೆರಳು ಆದ ಮ್ಯಾಲೆ ಎಡಗೈ ಕಿರುಬೆರಳು,
ಕೆಲಸಾನ ಮಾಡದ ಅದೊಂದು ಮಗ್ಗಲಗೇಡಿ,
ಹಸಿರು.

ಬಾಗಿಲಿನ ಹೆಸರೇನು, ಫೋನು ಕೇಳಿತು.
ಮುಂಬಾಗಿಲು ಅಂತ ಬರೀಲೇನ್ರಿ?
ಆಕಿ ತಡೀಲಿಲ್ಲ, ವಿಳಾಸ ಕೇಳಿದ ಅಂಚಿಯವಗ ಹೇಳಿದಂಗ
ಹೇಳಿದಳು:
ಬಡಿಗ್ಯಾರ ಓಣಿ, ಬಾಂವಿ ಮಗ್ಗಲಕ.

ಹನ್ನೊಂದು ತಿಂಗಳ ಕರಾರು, ಏಳು ಮುಗದಾವು.
ಕೀಲಿ ನಂದು, ಬಿಚ್ಚಿಕೊಂಡು ಹೋಗಾಕಿ.
ಆ ಕಿರುಬೆರಳು ಅದರೊಳಗ ಇರತೈತಲ್ಲ,
ಅದನ್ನ ಅಳಿಸಬೇಕೋ ಬ್ಯಾಡೋ, ಇನ್ನೂ ಯೋಚಿಸಿಲ್ಲ.

ದಿನಾ ಮುಂಜಾನೆ ಸ್ಪಿರಿಟ್ಟಿನ ವಾಸನಿ ಬೆರಳು
ಕುರ್ತಾಕ್ಕ ಒರೆಸಿ ಒತ್ತತೀನಿ.
ಫೋನು ಬೆಳಗತೈತಿ:
ಬಡಿಗ್ಯಾರ ಓಣಿ, ಬಾಂವಿ ಮಗ್ಗಲಕ ತೆರೆಯಿತು.
ಆರು ಗಂಟೆ ಹನ್ನೆರಡು ನಿಮಿಷ.
ಬ್ಯಾಟರಿ ಕಡಿಮೆ ಇದೆ.